ಸೂಟ್‌ಕೇಸ್ ಕಟ್ಟುವ ಮುನ್ನ ಒಂದು ಲಸಿಕೆ

ಮಗಳಿಗೆ ಲಂಡನ್ನಿನಲ್ಲಿ ಸೀಟು ಸಿಕ್ಕಿದೆ. ಚಟ್ನಿಪುಡಿ, ಸಾರಿನಪುಡಿ, ಪುಟ್ಟ ಕುಕ್ಕರ್ ಎಲ್ಲಾ ರೆಡಿ. ಆದರೆ ‘ಮೆನಿಂಗೊಕಾಕಲ್ ಲಸಿಕೆ ಆಗಿದೆಯೇ?’ ಎಂದು ಯಾರಾದರೂ ಕೇಳಿದರೆ ತಡವರಿಸ್ತೀರಿ, ಅಲ್ವಾ? ‘ಚಿಕ್ಕವಳಿದ್ದಾಗ ಎಲ್ಲ ಚುಚ್ಚುಮದ್ದೂ ಹಾಕಿಸಿದ್ದೀನಲ್ಲ’ ಅಂತ ಸುಮ್ಮನಾಗಬೇಡಿ. ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಇದಿಲ್ಲ. ಪೆಂಟಾವೆಲೆಂಟ್, ನ್ಯುಮೊಕಾಕಲ್, ಮೆದುಳು ಜ್ವರದ ಜೆಇ ಲಸಿಕೆಗಳು ಬೇರೆ ರೋಗಾಣುಗಳಿಗೆ.

ಈ ಬ್ಯಾಕ್ಟೀರಿಯಾ ಹಲವರ ಗಂಟಲಲ್ಲಿ, ಅದರಲ್ಲೂ ಹದಿಹರೆಯದವರಲ್ಲಿ, ಸದ್ದಿಲ್ಲದೆ ಇರುತ್ತದೆ. ಒಂದೇ ಕೋಣೆಯ ವಾಸ, ಕೆಮ್ಮು, ಸೀನಿನಿಂದ ಹರಡುತ್ತದೆ. ರಕ್ತಕ್ಕೋ ಮೆದುಳಿನ ಪೊರೆಗೋ ಇಳಿದರೆ ಒಂದೇ ದಿನದಲ್ಲಿ ಜೀವ ತೆಗೆಯಬಲ್ಲದು. ಚಿಕಿತ್ಸೆ ಸಿಕ್ಕರೂ ಸುಮಾರು 10 ಮಂದಿಯಲ್ಲಿ ಒಬ್ಬರು ಉಳಿಯುವುದಿಲ್ಲ. ಉಳಿದವರಲ್ಲೂ ಕೆಲವರಿಗೆ ಕಿವುಡುತನ, ಅಂಗನಷ್ಟ.

ಬ್ರಿಟನ್ನಿನಲ್ಲಿ 2009ರಿಂದ ಡಬ್ಲ್ಯು ಬಗೆಯ ಸೋಂಕು ಏರತೊಡಗಿತು. ಹಾಗಾಗಿ 2015ರಿಂದ ಅಲ್ಲಿ 14ರ ಆಸುಪಾಸಿನ ಮಕ್ಕಳಿಗೆ ಶಾಲೆಯಲ್ಲೇ ಈ ಲಸಿಕೆ. ಅಮೆರಿಕದಲ್ಲಿ 11-12ಕ್ಕೊಮ್ಮೆ, 16ಕ್ಕೊಮ್ಮೆ ಕೊಡುತ್ತಾ ಬಂದಿದ್ದಾರೆ. ನಮ್ಮಲ್ಲೇಕಿಲ್ಲ? ದೆಹಲಿಯಲ್ಲಿ 1966, 1985, 2005ರಲ್ಲಿ ಈ ರೋಗ ಹರಡಿದ್ದು ನಿಜ. ಆದರೆ ನಡುವಿನ ವರ್ಷಗಳಲ್ಲಿ ಪ್ರಕರಣಗಳು ವಿರಳ. ಅದಕ್ಕೇ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಇದನ್ನು ಎಲ್ಲ ಮಕ್ಕಳಿಗೂ ಹೇಳುವುದಿಲ್ಲ. ಗುಲ್ಮ ತೆಗೆಸಿಕೊಂಡ ಮಕ್ಕಳು, ಕೆಲವು ಬಗೆಯ ರೋಗನಿರೋಧಕ ಕೊರತೆ ಇರುವವರು, ಹಜ್ ಯಾತ್ರಿಕರು, ಇಂಥ ದೇಶಗಳಿಗೆ ಓದಲು ಹೋಗುವವರು, ಇವರಿಗೆ ಬೇಕು. ಪಕ್ಕದ ಮನೆಯವರು ಹಾಕಿಸಿದರೆಂದು ನೀವೂ ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. ಆದರೆ ಬೇಕಾದ ಮಗುವಿಗೆ ತಪ್ಪಿಸಲೂಬೇಡಿ.

ಮಗ, ಮಗಳು ಹೊರಡುವುದಾದರೆ ಕನಿಷ್ಠ ಎರಡು ವಾರ ಮೊದಲು ವೈದ್ಯರನ್ನು ಕೇಳಿ ಎ, ಸಿ, ಡಬ್ಲ್ಯು, ವೈ ಬಗೆಗಳ ಲಸಿಕೆ ಹಾಕಿಸಿ. ಪ್ರಮಾಣಪತ್ರ ಪಾಸ್‌ಪೋರ್ಟ್ ಜೊತೆಗಿರಲಿ. ಅಮೆರಿಕದ ಅನೇಕ ಕಾಲೇಜುಗಳು ಅದನ್ನು ಕೇಳುತ್ತವೆ.

ಇನ್ನೊಂದು ಮಾತು. ಈ ಲಸಿಕೆ ಬಿ ಬಗೆಯನ್ನು ತಡೆಯದು. ಆದ್ದರಿಂದ ಲಕ್ಷಣಗಳನ್ನೂ ಮಕ್ಕಳಿಗೆ ಹೇಳಿಕೊಡಿ: ಜೋರು ಜ್ವರ, ಸಹಿಸಲಾಗದ ತಲೆನೋವು, ವಾಂತಿ, ಕುತ್ತಿಗೆ ಬಿಗಿತ, ಬೆಳಕು ನೋಡಲಾಗದಿರುವುದು, ತಣ್ಣಗಾದ ಕೈಕಾಲು. ಗಾಜಿನ ಲೋಟ ಒತ್ತಿದರೂ ಮಾಸದ ಕೆಂಪು ಚುಕ್ಕೆ ಕಂಡರಂತೂ ತುರ್ತು. ಕಪ್ಪು ಮೈಬಣ್ಣದವರಲ್ಲಿ ಅಂಗೈ, ಅಂಗಾಲು ನೋಡಬೇಕು. ಆದರೆ ಚುಕ್ಕೆ ಬರಲಿ ಎಂದು ಕಾಯುವಂತಿಲ್ಲ.

ಅಲ್ಲಿಂದ ಫೋನ್ ಬಂದಾಗ ‘ಮಾತ್ರೆ ತಗೊಂಡು ಮಲಕ್ಕೋ, ಬೆಳಿಗ್ಗೆ ನೋಡೋಣ’ ಅನ್ನಬೇಡಿ. ಈ ಕಾಯಿಲೆ ಬೆಳಗಿನವರೆಗೆ ಕಾಯುವುದಿಲ್ಲ.