ಹುಟ್ಟುಗುಣವೇ ಸಾಕ್ಷಿಯಾದರೆ?

‘ರೌಡಿಶೀಟರ್ ಬಂಧನ’ ಎಂಬ ಸುದ್ದಿ ಹೈದರಾಬಾದಿನಲ್ಲಿ ಅಪರೂಪವಲ್ಲ, ಬೆಂಗಳೂರಿನಲ್ಲೂ ಅಲ್ಲ. ಆ ಒಂದು ಪದ ಕಣ್ಣಿಗೆ ಬಿದ್ದ ಮೇಲೆ ಅವನ ಮೇಲಿದ್ದ ಕೇಸುಗಳಲ್ಲಿ ಎಷ್ಟು ಸಾಬೀತಾದವು, ಎಷ್ಟು ಬಿದ್ದುಹೋದವು ಎಂದು ಕೇಳುವವರು ಕಡಿಮೆ. ಓದುಗರು ಕೇಳದಿದ್ದರೆ ಹೋಗಲಿ. ತೀರ್ಪು ಬರೆಯುವವರೂ ಕೇಳದಿದ್ದರೆ?

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಗೆ ಕೋರ್ಟಿನಲ್ಲಿ ಜಾಗವಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 54ನೇ ಕಲಮು ಹೇಳಿದ್ದು ಅದನ್ನೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 49ನೇ ಕಲಮೂ ಅದನ್ನೇ ಹೇಳುತ್ತದೆ. ಆರೋಪಿ ತಾನು ಸಭ್ಯನೆಂದು ಸಾಕ್ಷ್ಯ ಕೊಟ್ಟರೆ ಅದಕ್ಕೆ ಉತ್ತರವಾಗಿ ಅವನ ಕೆಟ್ಟ ನಡತೆಯನ್ನು ತೋರಿಸಬಹುದು. ಇಲ್ಲವಾದರೆ, ನಡತೆಯೇ ವಿವಾದದ ವಿಷಯವಾಗಿರದ ಹೊರತು, ಅದು ಅಪ್ರಸ್ತುತ.

ಹಾಗೆಂದು ಹಳೆಯ ಸಂಗತಿಗಳಿಗೆಲ್ಲ ಬಾಗಿಲು ಮುಚ್ಚಿಲ್ಲ. ಕಾಯ್ದೆಯೇ ಒಂದು ಉದಾಹರಣೆ ಕೊಡುತ್ತದೆ: ವಿಮೆಯ ಹಣಕ್ಕಾಗಿ ಮನೆಗೆ ಬೆಂಕಿ ಇಟ್ಟನೆಂಬ ಆರೋಪ ಹೊತ್ತವನು ಹಿಂದೆ ವಾಸವಿದ್ದ ಮನೆಗಳೂ ಒಂದೊಂದಾಗಿ ಸುಟ್ಟಿದ್ದವು, ಪ್ರತಿ ಸಲವೂ ಬೇರೆ ಬೇರೆ ಕಂಪನಿಯಿಂದ ಹಣ ಬಂದಿತ್ತು. ಇದು ಆಕಸ್ಮಿಕವಲ್ಲ ಎಂದು ತೋರಿಸಲು ಆ ಸಂಗತಿಗಳು ಬೇಕು. ‘ಇವನು ಇಂಥವನೇ’ ಎನ್ನಲು ಅಲ್ಲ.

ಈ ಗೆರೆ ತೆಳುವಾದದ್ದು. ಜ್ಯೂರಿ ಇರುವ ದೇಶಗಳಲ್ಲಿ ನ್ಯಾಯಾಧೀಶರು ಅದನ್ನು ಬಾಯಿಬಿಟ್ಟು ಹೇಳಬೇಕು: ಇದನ್ನು ಇಷ್ಟಕ್ಕೆ ಮಾತ್ರ ಬಳಸಿ. ಹೇಳಿದ್ದು ತಪ್ಪಾದರೆ ಮೇಲ್ಮನವಿಯಲ್ಲಿ ಸಿಕ್ಕಿಬೀಳುತ್ತದೆ. ನಾನಾವತಿ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್, ಬಳಿಕ 1961ರಲ್ಲಿ ಸುಪ್ರೀಂ ಕೋರ್ಟ್, ಜ್ಯೂರಿಗೆ ಕೊಟ್ಟ ಸೂಚನೆಗಳ ದೋಷಗಳನ್ನು ಪರಿಶೀಲಿಸಿದ್ದವು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗ ಉಳಿಯಲಿಲ್ಲ. ಅದರ ಜೊತೆಗೆ ಆ ಎಚ್ಚರಿಕೆಯ ಮಾತೂ ಹೋಯಿತು. ಈಗ ನ್ಯಾಯಾಧೀಶರು ತಮಗೆ ತಾವೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾರೆಂದು ನಾವು ನಂಬಬೇಕು.

ನನ್ನ ತಕರಾರು ಇಲ್ಲಿದೆ. ಅಧಿನಿಯಮದ 169ನೇ ಕಲಮಿನಂತೆ, ತಪ್ಪಾಗಿ ಸ್ವೀಕರಿಸಿದ ಸಾಕ್ಷ್ಯವನ್ನು ಬದಿಗಿಟ್ಟರೂ ಉಳಿದದ್ದು ಸಾಕಷ್ಟಿದ್ದರೆ ತೀರ್ಪು ನಿಲ್ಲುತ್ತದೆ. ಆದರೆ ಸಾಕ್ಷಿಯ ಮಾತನ್ನು ನಂಬುವಾಗ ಹಳೆಯ ಕೇಸಿನ ನೆರಳು ಎಷ್ಟು ಕೆಲಸ ಮಾಡಿತು ಎಂಬುದನ್ನು, ಎಲ್ಲೂ ಬರೆಯದಿದ್ದಾಗ, ಮೇಲಿನ ಕೋರ್ಟು ಅಳೆಯುವುದು ಹೇಗೆ?

ಆ ನೆರಳಿನ ಬಲ ಎಷ್ಟೆಂದು ತಿಳಿಯಲು ತೆಲಂಗಾಣದ 1986ರ ಮುನ್ನೆಚ್ಚರಿಕೆ ಬಂಧನ ಕಾಯ್ದೆಯನ್ನು ನೋಡಬೇಕು. ಅಲ್ಲಿ ವಿಚಾರಣೆಯೇ ಇಲ್ಲ. ಸಾಬೀತಾಗದ ಎಫ್ಐಆರ್‌ಗಳ ಆಧಾರದ ಮೇಲೆ ಒಂದು ವರ್ಷದವರೆಗೆ ಒಳಗಿಡಬಹುದು. 2023ರ ಸೆಪ್ಟೆಂಬರ್ 4ರಂದು ಅಮೀನಾ ಬೇಗಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೈದರಾಬಾದ್ ಪೊಲೀಸ್ ಕಮಿಷನರರ ಆದೇಶವನ್ನು ರದ್ದುಮಾಡಿ, ರಾಜ್ಯದಲ್ಲಿ ಬೆಳೆದಿದ್ದ ಈ ಚಾಳಿಯನ್ನು ಖಂಡಿಸಿತು. 2024ರ ಮಾರ್ಚಿನಲ್ಲಿ, ಸರಗಳ್ಳತನದ ಇನ್ನೊಂದು ಪ್ರಕರಣದಲ್ಲಿ, ಮತ್ತೆ ಅದೇ ಪಾಠ ಹೇಳಬೇಕಾಯಿತು. ಕರ್ನಾಟಕಕ್ಕೂ 1985ರ ಗೂಂಡಾ ಕಾಯ್ದೆ ಇದೆ, ನಾವು ನಗುವಂತಿಲ್ಲ.

ಪದೇ ಪದೇ ಅಪರಾಧ ಮಾಡುವವನು ತಪ್ಪಿಸಿಕೊಳ್ಳಬಾರದು, ನಿಜ. ಅದಕ್ಕೆ ಕಾಯ್ದೆಯ ವಿನಾಯಿತಿಗಳಿವೆ. ನಾನು ಕೇಳುವುದು ಇಷ್ಟೇ: ಆರೋಪಪಟ್ಟಿಯಲ್ಲಿ ಇಲ್ಲದ ಹಳೆಯ ಸಂಗತಿ ಕಡತಕ್ಕೆ ಬಂದಿದ್ದರೆ ಅದನ್ನು ಏಕೆ ಸ್ವೀಕರಿಸಿದೆ, ಯಾವುದಕ್ಕೆ ಬಳಸಿದೆ, ಯಾವುದಕ್ಕೆ ಬಳಸಲಿಲ್ಲ ಎಂದು ನ್ಯಾಯಾಧೀಶರು ತೀರ್ಪಿನಲ್ಲಿ ಒಂದು ಪ್ಯಾರಾ ಬರೆಯಲಿ. ಜ್ಯೂರಿಗೆ ಹೇಳುತ್ತಿದ್ದ ಮಾತನ್ನು ತಮಗೆ ತಾವೇ ಹೇಳಿಕೊಳ್ಳುವುದಾದರೆ, ನಮಗೂ ಕೇಳಿಸುವಂತೆ ಹೇಳಿಕೊಳ್ಳಲಿ.