ಪೂರ್ವಿಕರ ಆಸ್ತಿಯಲ್ಲಿ ಎಲ್ಲರ ಪಾಲು

ಬೀದರ ಜಿಲ್ಲೆಯ ಬಸವಕಲ್ಯಾಣವು ಕನ್ನಡ ನಾಡಿನ ಚರಿತ್ರೆಯಲ್ಲಿ ಎರಡು ಕಾರಣಗಳಿಂದ ಹೆಸರಾದ ಊರು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನು ತನ್ನ ರಾಜಧಾನಿಯನ್ನು ಮಾನ್ಯಖೇಟದಿಂದ ಇಲ್ಲಿಗೆ ತಂದನು. ಮುಂದಿನ ಶತಮಾನದಲ್ಲಿ ಬಸವಣ್ಣನವರೂ ಇತರ ಶರಣರೂ ಇಲ್ಲಿಯೇ ನೆಲಸಿ ಹೊಸ ಬಾಳಿನ ಮಾತನ್ನಾಡಿದರು. ಈ ಊರಿನ ಕೋಟೆಯೊಳಗೆ ಒಂದು ವಸ್ತುಸಂಗ್ರಹಾಲಯವುಂಟು. ಸುತ್ತಮುತ್ತಲ ನೆಲದಲ್ಲಿ ದೊರೆತ, ಸುಮಾರು ಸಾವಿರ ವರ್ಷಗಳಷ್ಟು ಹಳೆಯವಾದ ಜೈನ ಮೂರ್ತಿಗಳೂ ಇತರ ಶಿಲ್ಪಗಳೂ ಅಲ್ಲಿವೆ. ಇವು ಯಾರ ಆಸ್ತಿ ಎಂದು ಕೇಳಿದರೆ ನಾವೆಲ್ಲರೂ ತಡಮಾಡದೆ “ನಮ್ಮೆಲ್ಲರದು” ಎನ್ನುತ್ತೇವೆ. ಕಣ್ಣು ಕಾಣದವರು, ಕಿವಿ ಕೇಳದವರು, ಗಾಲಿಕುರ್ಚಿಯಲ್ಲಿ ಸಂಚರಿಸುವವರು ಆ ‘ಎಲ್ಲರ’ ಲೆಕ್ಕದಲ್ಲಿ ಸೇರಿದ್ದಾರೆಯೆ ಎಂಬುದೇ ನಾವು ಇಲ್ಲಿ ಎತ್ತಬಯಸುವ ಪ್ರಶ್ನೆ.

ಈ ಪ್ರಶ್ನೆಗೂ ಕಲ್ಯಾಣಕ್ಕೂ ಹಳೆಯ ನಂಟೊಂದಿದೆ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರನೆಂಬ ಪಂಡಿತನು ಇಲ್ಲಿ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಈ ಟೀಕೆ ಭಾರತದ ಬಹುಭಾಗದಲ್ಲಿ ಹಿಂದೂ ದಾಯಭಾಗಕ್ಕೆ ಆಧಾರವಾಯಿತು. ಕುರುಡ, ಕುಂಟ ಮೊದಲಾದವರಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲಿಲ್ಲ, ಆದರೆ ಅವರಿಗೆ ಅನ್ನವಸ್ತ್ರಗಳನ್ನು ಕೊಟ್ಟು ಪೋಷಿಸತಕ್ಕದ್ದು ಎಂಬುದು ಅದು ವಿವರಿಸಿದ ನಿಯಮಗಳಲ್ಲೊಂದು. ಪೋಷಣೆ ಉಂಟು, ಪಾಲು ಇಲ್ಲ. ಈ ನಿಯಮದ ಬಹುಭಾಗವನ್ನು ತೆಗೆದುಹಾಕಲು 1928ರ ಕಾನೂನು ಬೇಕಾಯಿತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಯಾವ ರೋಗವಾಗಲಿ ಅಂಗವೈಕಲ್ಯವಾಗಲಿ ಒಬ್ಬನ ಹಕ್ಕನ್ನು ಕಸಿಯಲಾರದೆಂದು ಸ್ಪಷ್ಟವಾಗಿ ಸಾರಿತು.

ಹೊಲಮನೆಗಳ ವಿಷಯದಲ್ಲಿ ನ್ಯಾಯ ದೊರೆಯಿತು. ಆದರೆ ಶಿಲ್ಪ, ಶಾಸನಗಳೆಂಬ ಇನ್ನೊಂದು ಬಗೆಯ ಆಸ್ತಿಯ ವಿಷಯದಲ್ಲಿ ನಮ್ಮ ಮನಸ್ಸು ಇನ್ನೂ ಹಳೆಯ ನಿಯಮವನ್ನೇ ಅನುಸರಿಸುತ್ತಿದೆ. ಅಂಗವಿಕಲರು ಬಂದರೆ ನಾವು ಕನಿಕರ ತೋರುತ್ತೇವೆ, ಪ್ರವೇಶಶುಲ್ಕವನ್ನು ಬಿಡುತ್ತೇವೆ, ನಾಲ್ವರು ಸೇರಿ ಕುರ್ಚಿಯನ್ನು ಎತ್ತಿಯೂ ಒಯ್ಯುತ್ತೇವೆ. ಇವೆಲ್ಲ ಪೋಷಣೆಯ ಮಾತಾಯಿತು. ತಾವೇ ಬಂದು, ತಾವೇ ಅರಿತು, ತಮಗೆ ಬೇಕೆನಿಸಿದಷ್ಟು ಹೊತ್ತು ನಿಂತು ಹೋಗುವುದು ಪಾಲು. ವಸ್ತುಸಂಗ್ರಹಾಲಯವು ಕೊಡಬೇಕಾದದ್ದು ಪಾಲನ್ನು ಎಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ಮೊದಲ ಅಡ್ಡಿ ಕೋಟೆಯೇ. ಬರುವವರನ್ನು ತಡೆಯಲೆಂದೇ ಕಟ್ಟುವ ಕಟ್ಟಡಕ್ಕೆ ಕೋಟೆಯೆಂದು ಹೆಸರು. ಡೊಂಕು ದಾರಿ, ಎತ್ತರದ ಹೊಸ್ತಿಲು, ಏರುಪೇರಾದ ಕಲ್ಲುಹಾಸುಗಳು ಶತ್ರುವಿಗಾಗಿ ಮಾಡಿದವು. ಇಂದು ಶತ್ರುವಿಲ್ಲ, ಅವು ತಡೆಯುವುದು ಗಾಲಿಕುರ್ಚಿಯನ್ನು, ಊರುಗೋಲನ್ನು, ಮುಪ್ಪಿನ ಕಾಲುಗಳನ್ನು. ಭೌತವಿಜ್ಞಾನದ ಮೊದಲ ಪಾಠಗಳಲ್ಲಿ ಬರುವ ಇಳಿಜಾರು ಹಲಗೆಯೇ ಇದಕ್ಕೆ ಪರಿಹಾರ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದದ ದಾರಿಯಿರಬೇಕೆಂಬುದು ಇಂದು ಒಪ್ಪಿತವಾದ ಅಳತೆ. ಕುರ್ಚಿ ಮತ್ತು ಕುಳಿತವರ ಒಟ್ಟು ತೂಕ 90 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಇಂಥ ದಾರಿಯಲ್ಲಿ ಅದನ್ನು ಏರಿಸಲು ಬೇಕಾದ ಬಲ ಸುಮಾರು ಏಳೂವರೆ ಕಿಲೋಗ್ರಾಂ ತೂಕದಷ್ಟು ಮಾತ್ರ. ದಾರಿಯನ್ನು ಅರ್ಧಕ್ಕೆ ಇಳಿಸಿದರೆ ಬಲವು ಸುಮಾರು ಎರಡರಷ್ಟಾಗುತ್ತದೆ. ಆಗ ಇನ್ನೊಬ್ಬರ ಸಹಾಯವಿಲ್ಲದೆ ಏರುವುದು ಬಹಳ ಕಷ್ಟ. ಹದಿನೈದು ಸೆಂಟಿಮೀಟರ್ ಎತ್ತರದ ನಾಲ್ಕು ಮೆಟ್ಟಿಲುಗಳಿಗೆ 7.2 ಮೀಟರ್ ಉದ್ದದ ಇಳಿಜಾರು ಸಾಕು. ಪ್ರಾಚೀನ ಕಟ್ಟಡದ ಕಲ್ಲನ್ನು ಒಡೆಯುವ ಅಗತ್ಯವೂ ಇಲ್ಲ. ಮರದಿಂದಲೋ ಉಕ್ಕಿನಿಂದಲೋ ಮಾಡಿದ, ಬೇಕೆಂದಾಗ ಬಿಚ್ಚಿ ತೆಗೆಯಬಹುದಾದ ದಾರಿಯನ್ನು ಮೆಟ್ಟಿಲುಗಳ ಮೇಲೆ ಹಾಸಬಹುದು. ಎರಡು ಬದಿಗೂ ಹಿಡಿಕಂಬಿಗಳಿದ್ದರಾಯಿತು.

ಬಾಗಿಲನ್ನು ದಾಟಿದ ಮೇಲೆ ಎರಡನೆಯ ಅಡ್ಡಿ ಎದುರಾಗುತ್ತದೆ. ವಸ್ತುಸಂಗ್ರಹಾಲಯವೆಂದರೆ ಕಣ್ಣಿನಿಂದ ನೋಡುವ ಜಾಗವೆಂಬ ನಂಬಿಕೆಯೇ ಆ ಅಡ್ಡಿ. “ಮುಟ್ಟಬಾರದು” ಎಂಬ ಫಲಕವು ಕಣ್ಣುಳ್ಳವರಿಗೆ ಒಂದು ನಿಯಮ. ಅಂಧರಿಗೋ ಅದು ಮುಚ್ಚಿದ ಬಾಗಿಲು. ಈ ಫಲಕಕ್ಕೆ ಕಾರಣವಿಲ್ಲವೆಂದು ನಾವು ಹೇಳುವುದಿಲ್ಲ. ಕೈಯ ಬೆವರಿನಲ್ಲಿ ಲವಣವೂ ಚರ್ಮದ ಮೇಲೆ ಜಿಡ್ಡೂ ಇರುತ್ತವೆ. ಸಾವಿರಾರು ಕೈಗಳು ಒಂದೇ ಕಡೆ ತಾಗಿದರೆ ಕಲ್ಲು ಸಹ ಕಪ್ಪಾಗಿ ನುಣುಪಾಗುವುದನ್ನು ನಮ್ಮ ಗುಡಿಗಳಲ್ಲಿ ಯಾರೂ ಕಾಣಬಹುದು. ಆದ್ದರಿಂದ ಮೂಲ ಶಿಲ್ಪವನ್ನು ಕಾಪಾಡಿ, ಮುಟ್ಟಲು ಅದರ ಪ್ರತಿಕೃತಿಯನ್ನು ಇಡುವುದೇ ಉಚಿತ.

ಪ್ರತಿಕೃತಿಯನ್ನು ಮಾಡುವುದು ಈಗ ಕಷ್ಟವಲ್ಲ. ಒಂದು ಮೂರ್ತಿಯನ್ನು ಎಲ್ಲ ಕೋನಗಳಿಂದ ನೂರಾರು ಬಾರಿ ಛಾಯಾಚಿತ್ರ ತೆಗೆದರೆ, ಗಣಕಯಂತ್ರವು ಆ ಚಿತ್ರಗಳನ್ನು ಹೋಲಿಸಿ ಮೂರ್ತಿಯ ಮೂರು ಆಯಾಮಗಳ ಆಕಾರವನ್ನು ಲೆಕ್ಕ ಹಾಕುತ್ತದೆ. ಆ ಆಕಾರವನ್ನು ಪದರಪದರವಾಗಿ ಅಚ್ಚು ಹಾಕುವ ಯಂತ್ರಗಳೂ ಇವೆ. ಆದರೆ ನಕಲು ಮಾಡುವವರು ಸ್ಪರ್ಶದ ಸ್ವಭಾವವನ್ನು ಬಲ್ಲವರಾಗಿರಬೇಕು. ಕಣ್ಣು ಮೊದಲು ಇಡಿಯನ್ನು ಹಿಡಿದು ಅನಂತರ ಬಿಡಿಗಳಿಗೆ ಇಳಿಯುತ್ತದೆ. ಕೈ ಬಿಡಿಗಳನ್ನು ಒಂದೊಂದಾಗಿ ಸವರಿ ಮನಸ್ಸಿನಲ್ಲಿ ಇಡಿಯನ್ನು ಕಟ್ಟಿಕೊಳ್ಳುತ್ತದೆ. ಆಳೆತ್ತರದ ಮೂರ್ತಿಯ ಜೊತೆಗೆ ಎರಡು ಕೈಗಳ ತೆಕ್ಕೆಗೆ ಸಿಕ್ಕುವ ಸಣ್ಣ ಮಾದರಿಯೊಂದು ಬೇಕೆಂಬುದು ಇದರಿಂದಲೇ. ಬೆರಳ ತುದಿಯು ಸುಮಾರು ಎರಡು ಮಿಲಿಮೀಟರ್ ಅಂತರದ ಎರಡು ಬಿಂದುಗಳನ್ನು ಬೇರೆಬೇರೆಯೆಂದು ಗುರುತಿಸಬಲ್ಲದು. ಅದಕ್ಕೂ ಒತ್ತಾದ ಕುಸುರಿಯು ಬರಿಯ ಒರಟುತನವೆಂದು ತೋರುತ್ತದೆ. ಚಾಲುಕ್ಯ ಶಿಲ್ಪದ ಸೂಕ್ಷ್ಮವಾದ ಹಾರ, ಕಡಗಗಳನ್ನು ಹಿಗ್ಗಿಸಿದ ಒಂದು ತುಣುಕನ್ನು ಪಕ್ಕದಲ್ಲಿಟ್ಟರೆ ಮಾತ್ರ ಅವು ಬೆರಳಿಗೆ ದಕ್ಕುತ್ತವೆ.

ಇದಕ್ಕೆ ತಕ್ಕ ಉದಾಹರಣೆಯು ಹತ್ತಿರದಲ್ಲಿಯೇ ಇದೆ. ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಯ ಗುಡಿಯ ಹೊರಗೋಡೆಯಲ್ಲಿ, ವಿಕ್ರಮಾದಿತ್ಯನನ್ನು ಹೊಗಳುವ ಶಾಸನವನ್ನು ಬರೆಯುತ್ತಿರುವ ಹೆಣ್ಣೊಬ್ಬಳ ಶಿಲ್ಪವುಂಟು. ಜನರು ಅವಳನ್ನು ಶಾಸನಸುಂದರಿ ಎನ್ನುತ್ತಾರೆ. ಅವಳನ್ನು ಗೋಡೆಯಿಂದ ಕದಲಿಸುವ ಮಾತೇ ಇಲ್ಲ. ಆದರೆ ಅವಳ ಪ್ರತಿಕೃತಿಯೊಂದು ಕಲ್ಯಾಣದ ವಸ್ತುಸಂಗ್ರಹಾಲಯದಲ್ಲಿ ಮೇಜಿನ ಎತ್ತರಕ್ಕೆ ನಿಂತರೆ, ಅಂಧ ವಿದ್ಯಾರ್ಥಿಯು ಅವಳ ಮೈಯ ಬಳುಕನ್ನೂ ಬರೆಯುವ ಕೈಯನ್ನೂ ಕೊರೆದ ಅಕ್ಷರಗಳನ್ನೂ ತಾನೇ ಅರಿಯಬಹುದು. ಜಲಸಂಗ್ವಿಗೆ ಹೋಗಲಾರದ ಇತರರಿಗೂ ಅದು ಲಾಭವೇ.

ಪಕ್ಕದಲ್ಲಿ ಬ್ರೈಲ್ ಲಿಪಿಯ ವಿವರಣೆಯೂ ಬೇಕು. ಲೂಯಿ ಬ್ರೈಲ್ ತನ್ನ ಹದಿನೈದನೆಯ ವಯಸ್ಸಿನಲ್ಲಿ, 1824ರಲ್ಲಿ, ಈ ಆರು ಚುಕ್ಕೆಗಳ ಪದ್ಧತಿಯನ್ನು ರೂಪಿಸಿದನು. 1951ರಲ್ಲಿ ನಮ್ಮ ದೇಶವು ಒಪ್ಪಿಕೊಂಡ ಭಾರತಿ ಬ್ರೈಲ್‌ನಲ್ಲಿ ಒಂದು ಗುಣವುಂಟು: ಕನ್ನಡದ ‘ಕ’ಕ್ಕೂ ಮರಾಠಿ, ಹಿಂದಿಗಳ ‘ಕ’ಕ್ಕೂ ಒಂದೇ ಗುರುತು. ಕಣ್ಣಿಗೆ ಬೇರೆಯಾದ ಲಿಪಿಗಳು ಬೆರಳಿಗೆ ಒಂದೇ ಆಗುತ್ತವೆ. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಈ ಊರಿಗೆ ಇದಕ್ಕಿಂತ ಅನುಕೂಲವಾದದ್ದು ಬೇರೇನಿದೆ? ಬ್ರೈಲ್ ಕಲಿಯದ ಅಂಧರಿಗಾಗಿ ಧ್ವನಿಮುದ್ರಿತ ವಿವರಣೆ, ಕಿವುಡರಿಗಾಗಿ ಭಾರತೀಯ ಸಂಜ್ಞಾಭಾಷೆಯ ಚಲಚ್ಚಿತ್ರ, ಮಂದದೃಷ್ಟಿಯವರಿಗಾಗಿ ದಪ್ಪಕ್ಷರದ ಫಲಕ, ಎಲ್ಲರಿಗಾಗಿ ತಿಳಿಗನ್ನಡ, ಇವೂ ಇರಬೇಕು.

ಇವು ಹೊಸ ಕನಸುಗಳೇನೂ ಅಲ್ಲ. ಇಂಗ್ಲೆಂಡಿನ ಸಂಡರ್ಲೆಂಡ್ ವಸ್ತುಸಂಗ್ರಹಾಲಯದಲ್ಲಿ ಚಾರ್ಲ್‌ಟನ್ ಡೀಸ್ ಎಂಬ ಮೇಲ್ವಿಚಾರಕರು 1913ರಲ್ಲಿಯೇ ಅಂಧರನ್ನು ಬರಮಾಡಿಕೊಂಡು ವಸ್ತುಗಳನ್ನು ಅವರ ಕೈಗೆ ಕೊಟ್ಟರು. ಇಟಲಿಯ ಅಂಕೋನಾದಲ್ಲಿ 1993ರಲ್ಲಿ ಸ್ಥಾಪನೆಯಾದ ಓಮೆರೋ ಸಂಗ್ರಹಾಲಯದಲ್ಲಿ ಶಿಲ್ಪಗಳನ್ನು ಮುಟ್ಟಿಯೇ ನೋಡುವುದು ಪದ್ಧತಿ. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯವು 2015ರಲ್ಲಿ ಸ್ಪರ್ಶಕ್ಕೆಂದೇ ಪ್ರತಿಕೃತಿಗಳ ಒಂದು ವಿಭಾಗವನ್ನು ತೆರೆದು ಅದಕ್ಕೆ ‘ಅನುಭವ’ ಎಂದು ಹೆಸರಿಟ್ಟಿತು. ಅನುಭವ ಮಂಟಪದ ನೆನಪನ್ನು ಹೊತ್ತ ಊರಿಗೆ ಈ ಹೆಸರು ಹೊಸದೆ?

“ಅಂಗವಿಕಲರು ಬರುವುದೇ ಅಪರೂಪ, ಕೆಲವರಿಗಾಗಿ ಇಷ್ಟು ವೆಚ್ಚವೇಕೆ?” ಎಂದು ಕೇಳುವವರುಂಟು. ಇದು ಕಾರ್ಯವನ್ನೇ ಕಾರಣವೆಂದು ಭ್ರಮಿಸಿದ ತರ್ಕ. ಸೇತುವೆಯಿಲ್ಲದ ಹೊಳೆಯನ್ನು ಎಷ್ಟು ಬಂಡಿಗಳು ದಾಟುತ್ತವೆಂದು ಎಣಿಸಿ ಯಾರೂ ಸೇತುವೆಯನ್ನು ಕಟ್ಟುವುದಿಲ್ಲ. 2011ರ ಜನಗಣತಿಯು ಕರ್ನಾಟಕದಲ್ಲಿಯೇ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರನ್ನು ಎಣಿಸಿತು. ಕಾನೂನೂ ಅವರ ಪಕ್ಷದಲ್ಲಿದೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು, ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಎಲ್ಲ ಸಾರ್ವಜನಿಕ ಕಟ್ಟಡಗಳನ್ನೂ ಸುಗಮಗೊಳಿಸಬೇಕೆಂದಿತು. ನಿಯಮಗಳು 2017ರಲ್ಲಿ ಪ್ರಕಟವಾದುವು. ಸುಗಮತೆಯ ಅಳತೆಗಳು ಬರಿಯ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು.

ಎಲ್ಲವೂ ಒಂದೇ ದಿನದಲ್ಲಿ ಆಗಬೇಕಿಲ್ಲ. ಮೊದಲು ಬಾಗಿಲಿನವರೆಗೆ ಒಂದು ದಾರಿ, ಬಳಿಕ ಮುಟ್ಟಲು ಐದಾರು ಪ್ರತಿಕೃತಿಗಳು, ಅನಂತರ ಉಳಿದದ್ದು. ಆದರೆ ಯೋಜನೆ ಹಾಕುವ ದಿನದಿಂದಲೇ ಅಂಗವಿಕಲರು ಸಮಿತಿಯಲ್ಲಿರಬೇಕು. ಪಾಲನ್ನು ಹಂಚುವಾಗ ಪಾಲುದಾರನೇ ಹೊರಗಿರುವುದು ನ್ಯಾಯವಲ್ಲ.

ನಮ್ಮ ವಿದ್ಯಾರ್ಥಿ ವಾಚಕರು ಇದಕ್ಕೆ ಇಂದೇ ಕೈಹಾಕಬಹುದು. ನಿಮ್ಮ ಊರಿನ ವಸ್ತುಸಂಗ್ರಹಾಲಯಕ್ಕೋ ಗ್ರಂಥಾಲಯಕ್ಕೋ ಅಳತೆಪಟ್ಟಿಯೊಂದಿಗೆ ಹೋಗಿರಿ. ಮೆಟ್ಟಿಲುಗಳ ಎತ್ತರವನ್ನೂ ಬಾಗಿಲಿನ ಅಗಲವನ್ನೂ ಬರೆದುಕೊಳ್ಳಿರಿ. ಎತ್ತರವನ್ನು ಹನ್ನೆರಡರಿಂದ ಗುಣಿಸಿ, ಅಷ್ಟು ಉದ್ದದ ಜಾಗವಿದೆಯೆ ಎಂದು ನೋಡಿರಿ. ಬಾಗಿಲು 90 ಸೆಂಟಿಮೀಟರಿಗಿಂತ ಕಿರಿದೆ ಎಂದು ಪರೀಕ್ಷಿಸಿರಿ. ಅಂಗವಿಕಲ ಸಹಪಾಠಿಯಿದ್ದರೆ ಅವರನ್ನೇ ಈ ಕೆಲಸದ ಮುಂದಾಳಾಗಿ ಮಾಡಿಕೊಳ್ಳಿರಿ. ಆ ಲೆಕ್ಕವನ್ನು ಚೊಕ್ಕವಾಗಿ ಬರೆದು ಅಧಿಕಾರಿಗಳ ಮುಂದಿಟ್ಟರೆ, ಅದು ಬೇಡಿಕೆಯಾಗುವುದಷ್ಟೇ ಅಲ್ಲ, ಅರ್ಧ ಮುಗಿದ ಕೆಲಸವೂ ಆಗುತ್ತದೆ.