ನೀರಿನಂತೆ ಕಾಣುವ ಥಿನ್ನರ್

ಸೋದರಿಯರೇ, ಈ ಸಲ ಬಂದ ಕಾಗದಗಳಲ್ಲಿ ಮಲ್ಲಟದಿಂದ ಬಂದ ಒಂದನ್ನು ಬೇರೆಲ್ಲಕ್ಕಿಂತ ಮೊದಲು ತೆಗೆದುಕೊಳ್ಳಲೇಬೇಕಾಯಿತು. ಉಪ್ಪಿನಕಾಯಿಗೆ ಬೂಸಲು ಬಂದ ಪ್ರಶ್ನೆ ಮುಂದಿನ ಸಂಚಿಕೆಗೆ ಕಾಯಬಹುದು, ಇದು ಕಾಯುವಂಥದ್ದಲ್ಲ.

ಆ ಸೋದರಿ ಬರೆದದ್ದು ಹೀಗೆ: ಕಾರಹುಣ್ಣಿಮೆಗೆಂದು ಮನೆಯವರು ಎತ್ತಿನ ಕೋಡಿಗೆ ಪೇಂಟ್ ಹಚ್ಚಿದರು, ಹಾಗೇ ಬಾಗಿಲ ಚೌಕಟ್ಟಿಗೂ ಒಂದು ಕೈ ಬಳಿದರು. ಉಳಿದ ಥಿನ್ನರನ್ನು ಕೂಲ್‌ಡ್ರಿಂಕ್ಸ್ ಬಾಟ್ಲಿಗೆ ಹಾಕಿ ಅಡುಗೆಮನೆಯ ಗೂಡಿನಲ್ಲಿಟ್ಟರು. ಮೂರು ವರ್ಷದ ಮಗ "ನೀರಂತ ತಿಳ್ಕೊಂಡು ಒಂದು ಗುಟುಕು ಕುಡದೇ ಬಿಟ್ಟಾನ್ರೀ." ಅತ್ತೆಯವರು ಗಾಬರಿಯಿಂದ ಉಪ್ಪುನೀರು ಕುಡಿಸಿ, ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಿದರು. ಮಗುವಿಗೆ ಕೆಮ್ಮು ಹತ್ತಿ, ಎರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಕಳಿಸಿದರು. ಈಗ ಆಡಿಕೊಂಡಿದ್ದಾನೆ. ಆದರೆ ವಾಂತಿ ಮಾಡಿಸಿದ್ದಕ್ಕೇ ಕೂಸು ಉಳಿಯಿತು ಎಂದು ಅತ್ತೆ, ವಾಂತಿ ಮಾಡಿಸಿದ್ದೇ ತಪ್ಪು ಎಂದು ಡಾಕ್ಟರು. ಯಾರ ಮಾತು ಸರಿ?

ಡಾಕ್ಟರ ಮಾತೇ ಸರಿ, ತಾಯಿ. ಅತ್ತೆಯವರು ಮಾಡಿದ್ದು ಮೊಮ್ಮಗನ ಮೇಲಿನ ಜೀವದಿಂದ, ಅದರಲ್ಲಿ ಅನುಮಾನವಿಲ್ಲ. ಆದರೆ ಥಿನ್ನರ್, ಸೀಮೆಎಣ್ಣೆ, ಪೆಟ್ರೋಲ್, ಟರ್ಪಂಟೈನ್ ಇವೆಲ್ಲ ಬಹಳ ತೆಳು. ಹೊಟ್ಟೆಗೆ ಹೋದದ್ದಕ್ಕಿಂತ ಶ್ವಾಸಕೋಶಕ್ಕೆ ಇಳಿದದ್ದೇ ಇವುಗಳಲ್ಲಿ ಹೆಚ್ಚು ಅಪಾಯ. ನುಂಗುವಾಗ ಒಂದು ಸಲ ಗಂಟಲು ದಾಟಿರುತ್ತದೆ. ವಾಂತಿ ಮಾಡಿಸಿದರೆ ಅದೇ ದಾರಿಯಲ್ಲಿ ಇನ್ನೊಂದು ಸಲ ಬರುತ್ತದೆ, ಆಗ ನಾಲ್ಕು ಹನಿ ಉಸಿರಿನ ನಾಳಕ್ಕೆ ಜಾರಿದರೂ ಸಾಕು, ಶ್ವಾಸಕೋಶ ಸುಟ್ಟಂತಾಗಿ ನ್ಯುಮೋನಿಯಾದ ಹಾಗೆ ಉಬ್ಬಸ, ಜ್ವರ ಬರುತ್ತವೆ. ಉಪ್ಪುನೀರಂತೂ ಎಳೆಯ ಮಕ್ಕಳಿಗೆ ತಾನೇ ಒಂದು ವಿಷ. (ಈ ಪುಟವನ್ನು ಅತ್ತೆಯವರ ಮುಂದೆ ಗಟ್ಟಿಯಾಗಿ ಓದಬೇಡಿ. ಜಗುಲಿಯ ಮೇಲೆ ತೆರೆದಿಟ್ಟು ನಿಮ್ಮ ಕೆಲಸಕ್ಕೆ ಹೋಗಿ, ಅಷ್ಟು ಸಾಕು.)

ಹಾಗಾದರೆ ಏನು ಮಾಡಬೇಕು? ಬಾಯಿ ಒರೆಸಿ. ಬಟ್ಟೆಯ ಮೇಲೆ ಚೆಲ್ಲಿಕೊಂಡಿದ್ದರೆ ತಕ್ಷಣ ಬಿಚ್ಚಿ, ಮೈಯನ್ನು ಸೋಪು ನೀರಿನಿಂದ ತೊಳೆಯಿರಿ. ಹಾಲು, ತುಪ್ಪ, ಹುಣಸೆನೀರು ಯಾವುದನ್ನೂ ಒತ್ತಾಯ ಮಾಡಿ ಕುಡಿಸಬೇಡಿ. ತಾನಾಗಿಯೇ ವಾಂತಿ ಬಂದರೆ ಪಕ್ಕಕ್ಕೆ ಹೊರಳಿಸಿ ತಲೆ ತಗ್ಗಿಸಿ ಹಿಡಿಯಿರಿ, ಅಂಗಾತ ಮಲಗಿಸಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಿ. ಬಾಟ್ಲಿಯನ್ನು ಮರೆಯದೆ ಸಂಗಡ ಒಯ್ಯಿರಿ, ಡಬ್ಬಿಯ ಚೀಟಿ ಇದ್ದರೆ ಇನ್ನೂ ಒಳ್ಳೆಯದು. ಯಾಕೆಂದರೆ ಡಾಕ್ಟರು ಮೊದಲು ಕೇಳುವುದೇ "ಕುಡಿದದ್ದು ಏನು, ಎಷ್ಟು?" ಎಂದು. ಮಗು ನಗುತ್ತ ಆಡುತ್ತಿದ್ದರೂ ತೋರಿಸಿಯೇ ಬನ್ನಿ. ಕೆಮ್ಮು, ಏದುಸಿರು, ತೂಕಡಿಕೆ ಕೆಲವು ಗಂಟೆ ಬಿಟ್ಟೂ ಕಾಣಿಸಿಕೊಳ್ಳಬಹುದು.

ಇನ್ನು ಈ ಥಿನ್ನರ್ ಎಂಬುದು ಏನು? ಒಂದೇ ವಸ್ತುವಲ್ಲ, ಹಲವು ದ್ರಾವಕಗಳ ಬೆರಕೆ. ಬಹಳ ಥಿನ್ನರುಗಳಲ್ಲಿ ಮುಖ್ಯವಾದದ್ದು ಟಾಲ್ವೀನ್. ಕಾರ್ಖಾನೆಗಳಲ್ಲಿ ಬಣ್ಣ, ಅಂಟು, ರಬ್ಬರ್ ಕೆಲಸಕ್ಕೆ ಪೀಪಾಯಿಗಟ್ಟಲೆ ಬಳಸುವುದೂ ಇದನ್ನೇ. ಅಲ್ಲಿ ಕೆಲಸಗಾರರು ಎಂಟು ಗಂಟೆಯಲ್ಲಿ ಉಸಿರಾಡುವ ಗಾಳಿಯಲ್ಲಿ ಇದು ಹತ್ತು ಲಕ್ಷ ಪಾಲಿಗೆ ಸರಾಸರಿ 100 ಪಾಲು ಮೀರಬಾರದೆಂದು ಫ್ಯಾಕ್ಟರಿ ಕಾನೂನೇ ಇದೆ. ನಮ್ಮ ಮನೆಯ ಕೋಣೆಗೆ ಯಾವ ಇನ್ಸ್‌ಪೆಕ್ಟರು ಬರುತ್ತಾರೆ? ಕಿಟಕಿ ತೆಗೆಯುವವರು ನಾವೇ.

ಕಿಟಕಿ ತೆಗೆಯಲೇಬೇಕು. ಬಾಗಿಲು ಮುಚ್ಚಿ ಪೇಂಟ್ ಮಾಡಿದರೆ ತಲೆನೋವು, ತಲೆಸುತ್ತು, ಕುಡಿದವರಂಥ ಅಮಲು ಬರುತ್ತವೆ. "ಆಗಲೇ ವಾಸನೆ ಹೋಯ್ತು" ಎಂದು ನಂಬಬೇಡಿ. ವಾಸನೆ ಹೋಗಿರುವುದಿಲ್ಲ, ಮೂಗು ರೂಢಿಯಾಗಿರುತ್ತದೆ. ಬಸುರಿಯರು, ಎಳೆಕೂಸುಗಳು ಆ ದಿನ ಬೇರೆ ಮನೆಯಲ್ಲಿ ಮಲಗಲಿ. ಸೀಮಂತಕ್ಕೆ ಮನೆ ಬಣ್ಣ ಬಳಿಸುವ ಹುಮ್ಮಸ್ಸು ಒಳ್ಳೆಯದೇ, ಆದರೆ ಬಸುರಿಯನ್ನು ಅದರ ಹತ್ತಿರ ಕೂರಿಸಬೇಡಿ.

ಬೆಂಕಿಯ ಮಾತು ಇನ್ನೂ ದೊಡ್ಡದು. ಟಾಲ್ವೀನ್ 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಅಂದರೆ ಫ್ರಿಜ್ಜಿನೊಳಗಿನ ಚಳಿ. ನಮ್ಮ ರಾಯಚೂರ ಬಿಸಿಲಿನಲ್ಲಿ ಹೇಗಿದ್ದೀತು, ನೀವೇ ಯೋಚಿಸಿ. ಆ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಮೇಲೆ ಹೋಗುವುದಿಲ್ಲ, ಕಣ್ಣಿಗೆ ಕಾಣದ ನೀರಿನ ಹಾಗೆ ನೆಲದ ಮೇಲೆ ಹರಿದು ಒಲೆಯನ್ನೋ ದೇವರ ಮುಂದಿನ ದೀಪವನ್ನೋ ಹುಡುಕಿಕೊಂಡು ಹೋಗುತ್ತದೆ. ಪಡಸಾಲೆಯಲ್ಲಿ ಪೇಂಟು, ಒಳಗೆ ಅಡುಗೆ, ಇವೆರಡೂ ಒಟ್ಟಿಗೆ ಬೇಡ. ಅಂದು ಮಂಡಕ್ಕಿ, ಮೊಸರವಲಕ್ಕಿ ಆದರೂ ನಡೆಯುತ್ತದೆ. ಹೊತ್ತಿಕೊಂಡರೆ ನೀರು ಸುರಿಯಬೇಡಿ, ಥಿನ್ನರ್ ನೀರಿನ ಮೇಲೆ ತೇಲಿ ಬೆಂಕಿಯನ್ನು ಹೊತ್ತುಕೊಂಡೇ ಓಡುತ್ತದೆ. ಸಣ್ಣದಾದರೆ ಮರಳು, ಒದ್ದೆ ಗೋಣಿಚೀಲ. ದೊಡ್ಡದಾದರೆ ಎಲ್ಲರನ್ನೂ ಕರೆದುಕೊಂಡು ಹೊರಗೆ. ಮೈ ಸುಟ್ಟರೆ ತಣ್ಣೀರಿನ ಧಾರೆ ಇಪ್ಪತ್ತು ನಿಮಿಷ, ಟೂತ್‌ಪೇಸ್ಟ್ ಖಂಡಿತ ಬೇಡ.

ಇನ್ನು ಕೆಲವರು ರೇಷ್ಮೆ ಸೀರೆಯ ಎಣ್ಣೆ ಕಲೆಗೆ ಪೆಟ್ರೋಲ್ ಹಚ್ಚಿ ಉಜ್ಜುತ್ತಾರೆ. ಪೆಟ್ರೋಲ್ ಥಿನ್ನರಿಗಿಂತಲೂ ಬೇಗ ಹೊತ್ತುತ್ತದೆ, ಒಣ ಹವೆಯಲ್ಲಿ ರೇಷ್ಮೆ ಉಜ್ಜಿದರೆ ಕಿಡಿಯೂ ಹುಟ್ಟುತ್ತದೆ. ಕಲೆಯ ಮೇಲೆ ಟಾಲ್ಕಂ ಪೌಡರ್ ಉದುರಿಸಿ ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಕೊಡವಿ. ಹೋಗದಿದ್ದರೆ ಅಂಗಡಿಗೆ ಕೊಡಿ. ಸೀರೆ ಹೋದರೆ ಇನ್ನೊಂದು ತರಬಹುದು. ಕೈಗೆ ಹತ್ತಿದ ಪೇಂಟಿಗೂ ಥಿನ್ನರ್ ಬೇಡ, ಚರ್ಮದ ಜಿಡ್ಡನ್ನೆಲ್ಲ ಎಳೆದು ಬಿರುಕು ಬಿಡಿಸುತ್ತದೆ. ಶೇಂಗಾ ಎಣ್ಣೆ ತಿಕ್ಕಿ, ಕಡಲೆಹಿಟ್ಟಿನಿಂದ ತೊಳೆಯಿರಿ. ಅಗಸಿ ಎಣ್ಣೆಯ ಬಣ್ಣ ಒರೆಸಿದ ಚಿಂದಿಯನ್ನು ಮುದ್ದೆ ಮಾಡಿ ಮೂಲೆಗೆ ಒಗೆಯಬೇಡಿ. ಅದು ತನ್ನಷ್ಟಕ್ಕೇ ಕಾವೇರಿ ಹೊತ್ತಿಕೊಳ್ಳುವುದುಂಟು, ನೀರಿನಲ್ಲಿ ನೆನೆಸಿ ಅಂಗಳದಲ್ಲಿ ಹರವಿ.

ಹತ್ತಿಗೆ ಹೊಡೆಯುವ ಔಷಧಿಯ ಮಾತೂ ಬರಬೇಕು. ಮಾನ್ವಿ, ದೇವದುರ್ಗದ ಕಡೆ ಹತ್ತಿ ಇಲ್ಲದ ಮನೆ ಎಷ್ಟಿವೆ? ನೀರಿಗೆ ಹಾಕಿದೊಡನೆ ಹಾಲಿನಂತೆ ಬೆಳ್ಳಗಾಗುವ ಎಣ್ಣೆ ಔಷಧಿಗಳನ್ನು ಸಾಮಾನ್ಯವಾಗಿ ಕ್ಸೈಲೀನ್ ಜಾತಿಯ ದ್ರಾವಕದಲ್ಲಿ ಕರಗಿಸಿರುತ್ತಾರೆ. ಮೂಗಿಗೆ ಹೊಡೆಯುವ ಘಾಟು ಬಹುಮಟ್ಟಿಗೆ ಅದರದೇ. ಅಲ್ಲಿ ವಿಷ ಎರಡು, ಔಷಧಿಯದೊಂದು, ದ್ರಾವಕದ್ದೊಂದು. ಆ ಡಬ್ಬಿ ಖಾಲಿಯಾದರೂ ಮನೆಯೊಳಗೆ ಬರಬಾರದು, ಅದರಲ್ಲಿ ಎಣ್ಣೆ ತುಂಬಿಡುವುದಂತೂ ದೂರವೇ ಇರಲಿ.

ಗಂಡಸರು ಈ ಪುಟ ಓದುವುದಿಲ್ಲ, ಆದರೂ ಅವರಿಗೆ ಮುಟ್ಟಿಸಬೇಕಾದ ವಿಷಯ ಒಂದಿದೆ. ಕೆಲವು ಥಿನ್ನರು, ಪಾಲಿಶುಗಳಲ್ಲಿ ಮಿಥೈಲ್ ಆಲ್ಕೊಹಾಲ್ ಇರುತ್ತದೆ. ಸಾರಾಯಿಯ ತಮ್ಮನಂತೆ ವಾಸನೆ, ರುಚಿ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಇದು ಬೆರೆತ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಮೇಲ್ಪಟ್ಟು ಜನ ಸತ್ತರು. 2007ರ ಜುಲೈಯಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. 2008ರ ಮೇ ತಿಂಗಳಲ್ಲಿ ಬೆಂಗಳೂರು ಸುತ್ತಮುತ್ತ, ಗಡಿಯಾಚೆ ಕೃಷ್ಣಗಿರಿಯ ಕಡೆ ಮತ್ತೆ ನೂರಕ್ಕೂ ಹೆಚ್ಚು ಮಂದಿ ಹೋದರು. ಎರಡು ಚಮಚೆಯಷ್ಟು ಕುಡಿದರೂ ಕಣ್ಣು ಹೋಗಬಹುದು. ಮೋಸವೆಂದರೆ, ಕುಡಿದ ಕೂಡಲೇ ಏನೂ ಅನ್ನಿಸುವುದಿಲ್ಲ. ಅರ್ಧ ದಿನ, ಒಂದು ದಿನ ಬಿಟ್ಟು ಹೊಟ್ಟೆನೋವು, ಏದುಸಿರು, ಕಣ್ಣೆದುರು ಮಂಜು. ಮನೆಯವರು "ಕಣ್ಣು ಮಂಜಾಗೇದ" ಅಂದರೆ ಅಮಲೆಂದು ಮಲಗಲು ಬಿಡಬೇಡಿ, ಆಗಲೇ ಎಬ್ಬಿಸಿ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಬೇಗ ಹೋದರೆ ಇದಕ್ಕೆ ಮದ್ದುಂಟು. ಬೈಯುವುದೇನಿದ್ದರೂ ಬದುಕಿ ಬಂದ ಮೇಲೆ.

ಮಲ್ಲಟದ ಸೋದರಿ ಕೊನೆಗೆ, ಉಳಿದ ಥಿನ್ನರ್ ಏನು ಮಾಡಲಿ ಎಂದೂ ಕೇಳಿದ್ದಾರೆ. ಬಚ್ಚಲಿಗೆ, ಬಾವಿಯ ಹತ್ತಿರಕ್ಕೆ ಚೆಲ್ಲಬೇಡಿ. ತಂದ ಡಬ್ಬಿಯಲ್ಲೇ ಬಿಗಿಯಾಗಿ ಮುಚ್ಚಿ, ದನದ ಕೊಟ್ಟಿಗೆಯಲ್ಲಲ್ಲ, ಮಕ್ಕಳ ಕೈಗೆ ಎಟುಕದ, ಬೀಗವಿರುವ ಹೊರಕೋಣೆಯಲ್ಲಿಡಿ. ಅದಕ್ಕಿಂತ, ಪೇಂಟರಿಗೇ ಕೊಟ್ಟುಬಿಡಿ. ಮುಂದಿನ ವರ್ಷ ಎತ್ತಿಗೆ ಹುರಮಂಜು ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ, ಕೋಡಿಗೆ ಕೋಡುಬಳೆ ಹಾಕಿದರೆ ಪೇಂಟಿಗಿಂತ ಏನೂ ಕಮ್ಮಿ ಕಾಣುವುದಿಲ್ಲ. ಕಣ್ಣಿನ ಹತ್ತಿರ ಥಿನ್ನರ್ ಒರೆಸಿದರೆ ಎತ್ತಿಗೂ ಉರಿಯುತ್ತದಲ್ಲವೇ, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೆ.

ಸಿಂಧನೂರಿನಿಂದ ಇನ್ನೊಬ್ಬರು: "ತೌಡಿನ ಎಣ್ಣೆಯನ್ನು ಪೆಟ್ರೋಲಿನಂಥದ್ದರಲ್ಲಿ ತೆಗೆಯುತ್ತಾರಂತೆ, ತಿನ್ನಬಹುದೇ?" ಮಾತು ನಿಜ. ಅಕ್ಕಿ ಗಿರಣಿಯ ತೌಡನ್ನು ಹೆಕ್ಸೇನ್ ಎಂಬ ದ್ರಾವಕದಲ್ಲಿ ನೆನೆಸಿ ಎಣ್ಣೆ ಬಿಡಿಸುತ್ತಾರೆ. ಅದು 69 ಡಿಗ್ರಿಗೇ ಕುದಿದು ಆವಿಯಾಗುವುದರಿಂದ ಕಾಸಿ ತೆಗೆದು, ಮತ್ತೆ ಅದನ್ನೇ ಬಳಸುತ್ತಾರೆ. ರಿಫೈನ್ ಮಾಡಿದ ಎಣ್ಣೆಯಲ್ಲಿ ಹತ್ತು ಲಕ್ಷಕ್ಕೆ 5 ಪಾಲಿಗಿಂತ ಹೆಚ್ಚು ಉಳಿಯಬಾರದೆಂದು ಕಾನೂನು. ಸೀಲು ಇರುವ ಪ್ಯಾಕೆಟ್ ತನ್ನಿ, ಕರಿಯಲು ಅಡ್ಡಿಯಿಲ್ಲ. ಗಿರಣಿಯಿಂದ ಅಗ್ಗಕ್ಕೆ ಸಿಗುವ ರಿಫೈನ್ ಆಗದ ಕಪ್ಪೆಣ್ಣೆ ಮಾತ್ರ ಬೇಡ, ಅದು ಸೋಪಿಗೆ ಹೋಗುವಂಥದ್ದು.